ನಗುವ ಮಗುವಿನ ಮನಸ್ಸು: ಏಂಜಲ್‌ಮನ್ ಸಿಂಡ್ರೋಮ್ ಇರುವ ಮಕ್ಕಳ ನಡವಳಿಕೆ ಮತ್ತು ಭಾವಲೋಕ



ಮಗು ಅತ್ತರೆ ನಾವು ಕಾರಣ ಹುಡುಕುತ್ತೇವೆ. ಹಸಿವೋ, ಹೊಟ್ಟೆನೋವೋ, ಇರುವೆ ಕಚ್ಚಿತೋ, ದೃಷ್ಟಿಯಾಯಿತೋ ಎಂದು ಮನೆಯವರೆಲ್ಲ ಸೇರಿ ವಿಚಾರಿಸುತ್ತೇವೆ. ಮಗು ನಕ್ಕರೆ ಯಾರೂ ಏನನ್ನೂ ಕೇಳುವುದಿಲ್ಲ. ನಗು ತನ್ನ ಅರ್ಥವನ್ನು ತಾನೇ ಹೇಳಿಕೊಂಡಿದೆ ಎಂದು ಒಪ್ಪಿಬಿಡುತ್ತೇವೆ. ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು, ಹಾಗೆ ಒಪ್ಪಿಬಿಡುವುದರಿಂದಲೇ ತೊಂದರೆಗೊಳಗಾಗುವ ಮಕ್ಕಳ ವಿಷಯ. ಅವರು ಬೇರೆ ಮಕ್ಕಳಿಗಿಂತ ಹೆಚ್ಚು ನಗುತ್ತಾರೆ. ಸಂತೋಷಕ್ಕೆ ನಗುತ್ತಾರೆ, ಗಾಬರಿಯಾದಾಗ ನಗುತ್ತಾರೆ, ಕೆಲವೊಮ್ಮೆ ನೋವಿದ್ದಾಗಲೂ ನಗುತ್ತಾರೆ. ಹಾಗಾಗಿ ಅವರ ನೋವು ನಮ್ಮನ್ನು ತಡವಾಗಿ ತಲುಪುತ್ತದೆ. ಅವರ ಸ್ಥಿತಿಗೆ ವೈದ್ಯಶಾಸ್ತ್ರ ಕೊಟ್ಟಿರುವ ಹೆಸರು ಏಂಜಲ್‌ಮನ್ ಸಿಂಡ್ರೋಮ್. ನನ್ನ ವಾದ ಇಷ್ಟೇ: ಈ ಮಕ್ಕಳ ನಡವಳಿಕೆಯನ್ನು ಗುಣವೆಂದೋ ಹಠವೆಂದೋ ತೀರ್ಮಾನಿಸುವ ಮೊದಲು, ಅದು ಯಾರಿಗೆ ಏನನ್ನು ಹೇಳುತ್ತಿದೆ ಎಂದು ಕೇಳಬೇಕು.

ಹ್ಯಾರಿ ಏಂಜಲ್‌ಮನ್ ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣದ ಮಕ್ಕಳ ವೈದ್ಯರು. ಬೇರೆ ಬೇರೆ ಸಮಯದಲ್ಲಿ ತಮ್ಮ ಬಳಿಗೆ ಬಂದ ಮೂವರು ಮಕ್ಕಳಲ್ಲಿ ಅವರು ಒಂದೇ ಬಗೆಯ ಲಕ್ಷಣಗಳನ್ನು ಗುರುತಿಸಿದರು. ಮೂವರಿಗೂ ಮಾತಿಲ್ಲ, ನಡಿಗೆ ತೂರಾಡುತ್ತದೆ, ಫಿಟ್ಸ್ ಬರುತ್ತದೆ, ಮತ್ತೆ ಮತ್ತೆ ನಗು. ಇಟಲಿಯ ವೆರೋನಾದ ವಸ್ತುಸಂಗ್ರಹಾಲಯದಲ್ಲಿ, ಕೈಯಲ್ಲೊಂದು ಗೊಂಬೆಯ ಚಿತ್ರ ಹಿಡಿದು ನಗುತ್ತಿರುವ ಹುಡುಗನ ಹಳೆಯ ವರ್ಣಚಿತ್ರವನ್ನು ಕಂಡಾಗ ಅವರಿಗೆ ಈ ಮೂವರು ನೆನಪಾದರಂತೆ. 1965ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರನ್ನು ಸೂತ್ರದ ಗೊಂಬೆಯಂಥ ಮಕ್ಕಳು ಎಂದು ಕರೆದರು. ಆ ಹೆಸರು ತಂದೆತಾಯಿಯರನ್ನು ನೋಯಿಸಿತು. 1982ರಲ್ಲಿ ಇಬ್ಬರು ಅಮೆರಿಕನ್ ವೈದ್ಯರು ಅದನ್ನು ಬಿಟ್ಟು ಏಂಜಲ್‌ಮನ್ ಅವರ ಹೆಸರನ್ನೇ ಸೂಚಿಸಿದರು. ಒಳ್ಳೆಯದೇ ಆಯಿತು. ಹೊರಗಿನಿಂದ ಯಾರೋ ಆಡಿಸುತ್ತಿರುವ ಮಗು ಎಂಬ ಕಲ್ಪನೆಯೇ ತಪ್ಪು. ಈ ಮಕ್ಕಳಿಗೆ ತಮ್ಮದೇ ಇಚ್ಛೆಯಿದೆ, ಅದೂ ಬಲವಾದ ಇಚ್ಛೆ.

ಈ ಸ್ಥಿತಿಯ ಮೂಲ 15ನೇ ವರ್ಣತಂತುವಿನಲ್ಲಿದೆ ಎಂಬುದು 1987ರಲ್ಲಿ ಗೊತ್ತಾಯಿತು. ಅದರಲ್ಲಿರುವ ಯುಬಿಇ3ಎ ಎಂಬ ಜೀನ್ ಕಾರಣವೆಂದು 1997ರಲ್ಲಿ ಖಚಿತವಾಯಿತು. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿಗಳಿರುತ್ತವೆ, ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ದೇಹದ ಬಹುತೇಕ ಭಾಗಗಳಲ್ಲಿ ಎರಡೂ ಕೆಲಸ ಮಾಡುತ್ತವೆ. ಮಿದುಳಿನ ನರಕೋಶಗಳಲ್ಲಿ ಮಾತ್ರ ತಂದೆಯ ಪ್ರತಿ ಸ್ವಭಾವತಃ ಸುಮ್ಮನಿರುತ್ತದೆ, ತಾಯಿಯ ಪ್ರತಿ ಒಂದೇ ದುಡಿಯುತ್ತದೆ. ಅದು ಕಳೆದುಹೋದರೆ ಅಥವಾ ಕೆಟ್ಟರೆ ಬದಲಿಗೆ ನಿಲ್ಲಲು ಇನ್ನೊಂದಿಲ್ಲ. ಹತ್ತರಲ್ಲಿ ಸುಮಾರು ಏಳು ಮಕ್ಕಳಲ್ಲಿ ತಾಯಿಯಿಂದ ಬಂದ ವರ್ಣತಂತುವಿನ ಆ ತುಂಡೇ ಇರುವುದಿಲ್ಲ. ಸುಮಾರು ಹತ್ತರಲ್ಲಿ ಒಂದು ಮಗುವಿನಲ್ಲಿ ಆ ಜೀನಿನಲ್ಲೇ ದೋಷವಿರುತ್ತದೆ. ಉಳಿದ ಕಾರಣಗಳು ಇನ್ನೂ ವಿರಳ. ತಂದೆಯಿಂದ ಬಂದ ವರ್ಣತಂತುವಿನಲ್ಲಿ ಇದೇ ಭಾಗ ಇಲ್ಲವಾದರೆ ಆಗುವುದು ಪ್ರೇಡರ್-ವಿಲ್ಲಿ ಸಿಂಡ್ರೋಮ್ ಎಂಬ ಬೇರೆಯೇ ಸ್ಥಿತಿ. ಆ ಮಕ್ಕಳಿಗೆ ಎಷ್ಟು ಉಂಡರೂ ಹಸಿವು ತೀರುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಈ ಮಾತು ಬೇಗ ದಾರಿ ತಪ್ಪುತ್ತದೆ. ತಾಯಿಯ ಪ್ರತಿ ಎಂದೊಡನೆ ತಾಯಿಯ ತಪ್ಪು ಎಂದು ಕೇಳಿಸಿಕೊಳ್ಳುವ ಕಿವಿಗಳಿವೆ. ತುಂಡು ಇಲ್ಲವಾಗುವುದು ಬಹುತೇಕ ಎಲ್ಲ ಕುಟುಂಬಗಳಲ್ಲೂ ಆ ಒಂದು ಗರ್ಭದಲ್ಲಿ ಮೊದಲ ಬಾರಿಗೆ ಆಗುವ ಆಕಸ್ಮಿಕ. ಬಸುರಿಯಾಗಿದ್ದಾಗ ಅವಳು ತಿಂದದ್ದು, ಮಾಡಿದ ಕೂಲಿ, ನೋಡಿದ ಗ್ರಹಣ ಯಾವುದೂ ಕಾರಣವಲ್ಲ. ಆ ತಾಯಿಗೆ ಮತ್ತೆ ಇಂಥದೇ ಮಗು ಹುಟ್ಟುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಜೀನಿನ ದೋಷವಿರುವ ಕೆಲವು ಕುಟುಂಬಗಳ ಕಥೆ ಬೇರೆ. ಅಲ್ಲಿ ತಾಯಿಗೆ ಆ ದೋಷ ಅವಳ ತಂದೆಯಿಂದ ಬಂದಿದ್ದರೆ ಅವಳು ಆರೋಗ್ಯವಾಗಿಯೇ ಇರುತ್ತಾಳೆ, ಆದರೆ ಅವಳ ಪ್ರತಿ ಮಗುವಿಗೂ ಎರಡರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಅವಳ ಅಕ್ಕತಂಗಿಯರೂ ಸಲಹೆ ಪಡೆಯಬೇಕಾಗುತ್ತದೆ. ಯಾವ ಬಗೆಯದು ಎಂದು ಪರೀಕ್ಷೆಯಿಂದ ತಿಳಿದುಕೊಳ್ಳುವುದು ಇದಕ್ಕಾಗಿಯೇ ಮುಖ್ಯ.

ಇನ್ನೊಂದು ಆರೋಪ ಸೋದರಸಂಬಂಧದ ಮೇಲೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವುದು ಕರ್ನಾಟಕ, ಆಂಧ್ರಗಳಲ್ಲಿ ಹಳೆಯ ರೂಢಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ಎರಡೂ ರಾಜ್ಯಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೆ ಆಗುತ್ತದೆ. 1980ರ ದಶಕದಲ್ಲಿ ಕರ್ನಾಟಕದಲ್ಲಿ ಅಪ್ಪಾಜಿ ರಾವ್, ರಾಧಾ ರಮಾದೇವಿ ಮೊದಲಾದ ವಿಜ್ಞಾನಿಗಳು ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ತಪಾಸಣೆ ಮಾಡಿ, ಇಂಥ ಮದುವೆಗಳಿಗೂ ಕೆಲವು ಆನುವಂಶಿಕ ಕಾಯಿಲೆಗಳಿಗೂ ಇರುವ ನಂಟನ್ನು ಅಧ್ಯಯನ ಮಾಡಿದರು. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷ ಬಂದಾಗ ಕಾಣಿಸಿಕೊಳ್ಳುವ ಕಾಯಿಲೆಗಳ ಮಟ್ಟಿಗೆ ಆ ಎಚ್ಚರಿಕೆ ಇಂದಿಗೂ ಬೇಕು. ಏಂಜಲ್‌ಮನ್ ಸಿಂಡ್ರೋಮ್ ಆ ಗುಂಪಿಗೆ ಸೇರಿದ್ದಲ್ಲ. ಸಂಬಂಧದೊಳಗೆ ಮದುವೆಯಾದವರಲ್ಲೂ ಆಗದವರಲ್ಲೂ, ಗಂಡುಮಕ್ಕಳಲ್ಲೂ ಹೆಣ್ಣುಮಕ್ಕಳಲ್ಲೂ ಇದು ಒಂದೇ ಪ್ರಮಾಣದಲ್ಲಿ ಬರುತ್ತದೆ. ಮದುವೆಯನ್ನು ದೂರಿ ಎರಡು ಮನೆಗಳನ್ನು ಒಡೆಯುವುದರಿಂದ ಮಗುವಿಗೆ ಸಿಗುವುದು ಏನೂ ಇಲ್ಲ. ಎತ್ತಿಕೊಳ್ಳುವ ಕೈಗಳು ಕಡಿಮೆಯಾಗುತ್ತವೆ, ಅಷ್ಟೇ.

ಈ ಸ್ಥಿತಿ ಎಷ್ಟು ವಿರಳ? ಸಾಮಾನ್ಯವಾಗಿ ಹೇಳುವ ಅಂದಾಜು 12 ಸಾವಿರದಿಂದ 20 ಸಾವಿರ ಜನನಗಳಿಗೆ ಒಂದು. 2011ರ ಜನಗಣತಿಯಲ್ಲಿ ಆಂಧ್ರದ ಗಡಿಯಲ್ಲಿರುವ ನಮ್ಮ ಅವಿಭಜಿತ ಅನಂತಪುರ ಜಿಲ್ಲೆಯ ಜನಸಂಖ್ಯೆ 40 ಲಕ್ಷ ದಾಟಿತ್ತು. ಕಡಿಮೆ ಅಂದಾಜನ್ನೇ ಹಿಡಿದರೂ ಕಲ್ಯಾಣದುರ್ಗದಿಂದ ಹಿಂದೂಪುರದವರೆಗೆ ಎಲ್ಲ ವಯಸ್ಸಿನವರೂ ಸೇರಿ ಸುಮಾರು ಇನ್ನೂರು ಮಂದಿ ಇರಬೇಕು. ಇದು ಬರೀ ಲೆಕ್ಕ, ತಲೆಯೆಣಿಕೆಯಲ್ಲ. ಆದರೂ ಈ ಲೆಕ್ಕ ಒಂದು ಪ್ರಶ್ನೆಯನ್ನು ಮುಂದಿಡುತ್ತದೆ: ಅವರೆಲ್ಲ ಎಲ್ಲಿದ್ದಾರೆ? ಬಹುಪಾಲು ಮಂದಿ ಬೇರೆ ಹೆಸರಿನಡಿ ಇರಬೇಕು. ನಡಿಗೆ ಸರಿಯಿಲ್ಲದ ಕಾರಣ ಸೆರೆಬ್ರಲ್ ಪಾಲ್ಸಿ ಎಂದು, ಮಾತು ಬಾರದ ಕಾರಣ ಆಟಿಸಂ ಎಂದು, ಏನೂ ತೋಚದಿದ್ದರೆ ಬುದ್ಧಿಮಾಂದ್ಯ ಎಂದು ಬರೆದ ಚೀಟಿಗಳಲ್ಲಿ. ಮೊದಲ ಆರು ತಿಂಗಳು ಮಗು ಸರಿಯಾಗಿಯೇ ಇದೆ ಅನ್ನಿಸುತ್ತದೆ. ಮೊಲೆ ಚೀಪುವುದು ಕಷ್ಟ, ಕುಡಿದ ಹಾಲು ಕಕ್ಕುತ್ತದೆ ಎಂಬುದಷ್ಟೇ ದೂರು. ವರ್ಷದ ಹೊತ್ತಿಗೆ ಕೂರುವುದು, ನಿಲ್ಲುವುದು ತಡವಾಗುತ್ತದೆ. ಎರಡರ ಹೊತ್ತಿಗೆ ತಲೆಯ ಬೆಳವಣಿಗೆ ಹಿಂದೆ ಬಿದ್ದದ್ದು ಅನೇಕರಲ್ಲಿ ಕಾಣುತ್ತದೆ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳಿಗೆ ಫಿಟ್ಸ್ ಬರುತ್ತದೆ, ಹೆಚ್ಚಿನವರಿಗೆ ಮೂರು ವರ್ಷದೊಳಗೆ.

ಒಂದು ಜೀನಿನ ಸ್ಥಿತಿಯ ಜೊತೆ ಒಂದು ನಡವಳಿಕೆಯ ಮಾದರಿಯೂ ಬರಬಹುದು ಎಂಬ ವಿಚಾರವನ್ನು 1972ರಲ್ಲಿ ಮುಂದಿಟ್ಟವರು ವಿಲಿಯಂ ನೈಹನ್ ಎಂಬ ಅಮೆರಿಕದ ಮಕ್ಕಳ ವೈದ್ಯರು. ತಾವು ಗುರುತಿಸಿದ ಇನ್ನೊಂದು ಕಾಯಿಲೆಯಲ್ಲಿ ಮಕ್ಕಳು ತಮ್ಮ ತುಟಿ, ಬೆರಳುಗಳನ್ನೇ ಕಚ್ಚಿಕೊಳ್ಳುವುದನ್ನು ಅವರು ಕಂಡಿದ್ದರು. ಆ ವರ್ತನೆ ಸಾಕಿದ ರೀತಿಯಿಂದ ಬಂದದ್ದಲ್ಲ, ಕಾಯಿಲೆಯದೇ ಭಾಗ ಎಂದು ಅವರು ವಾದಿಸಿದರು. ತಂದೆತಾಯಿಯರ ತಲೆಯ ಮೇಲಿಂದ ಎಷ್ಟು ದೊಡ್ಡ ಹೊರೆಯನ್ನು ಇಳಿಸಿದ ಮಾತು ಅದು! ಆದರೆ ಅದನ್ನು ಅತಿಗೆ ಒಯ್ದರೆ ಬೇರೊಂದು ತಪ್ಪಾಗುತ್ತದೆ. ಎಲ್ಲವೂ ಜೀನಿನದೇ ಎಂದುಬಿಟ್ಟರೆ ನಾವು ಮಗುವನ್ನು ನೋಡುವುದನ್ನೇ ನಿಲ್ಲಿಸುತ್ತೇವೆ.

ನಗುವಿನ ವಿಷಯದಲ್ಲಿ ಆದದ್ದು ಅದೇ. ಈ ಮಕ್ಕಳ ನಗು ಕಾರಣವಿಲ್ಲದ್ದು, ಮಿದುಳು ತಾನಾಗಿ ಹೊರಹಾಕುವ ಸದ್ದು ಎಂದು ಬಹುಕಾಲ ಬರೆಯಲಾಗುತ್ತಿತ್ತು. ಬ್ರಿಟನ್ನಿನ ಸಂಶೋಧಕರು ಅದನ್ನು ಪರೀಕ್ಷಿಸಿ ನೋಡಿದರು. ಮಗುವನ್ನು ಒಂಟಿಯಾಗಿ ಬಿಟ್ಟಾಗ, ದೊಡ್ಡವರು ಬಳಿಯಲ್ಲಿದ್ದೂ ಗಮನ ಕೊಡದಿದ್ದಾಗ, ದೊಡ್ಡವರು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿಸಿ ಮುಟ್ಟಿದಾಗ, ಹೀಗೆ ಬೇರೆ ಬೇರೆ ಸನ್ನಿವೇಶಗಳಲ್ಲಿ ನಗುವನ್ನು ಗಮನಿಸಿದರು. ನಗು ಅತಿ ಹೆಚ್ಚು ಬಂದದ್ದು ಮಾತಾಡಿಸಿದಾಗ. ಅಂದರೆ ಅದು ಮನುಷ್ಯರತ್ತ ಮುಖ ಮಾಡಿದ ನಗು. ಅವರಿಗೆ ಬೇಗ ನಗು ಬರುತ್ತದೆ ಎಂಬುದು ಜೀನಿನ ಕೊಡುಗೆ. ಯಾರನ್ನು ಕಂಡು ನಗಬೇಕು ಎಂಬುದು ಮಗುವಿನ ಆಯ್ಕೆ.

ಇದನ್ನು ಒಪ್ಪಿದರೆ ಉಳಿದ ಎಷ್ಟೋ ವರ್ತನೆಗಳು ಅರ್ಥವಾಗತೊಡಗುತ್ತವೆ. ಈ ಮಕ್ಕಳಿಗೆ ಜನರ ಹಸಿವು ದೊಡ್ಡದು. ಗುರುತಿಲ್ಲದವರನ್ನೂ ತಬ್ಬುತ್ತಾರೆ, ಮುಖಕ್ಕೆ ಮುಖ ತರುತ್ತಾರೆ. ಮಾತಿಲ್ಲದ ಮಗು ನಿಮ್ಮನ್ನು ತನ್ನ ಬಳಿ ಉಳಿಸಿಕೊಳ್ಳುವುದು ಹೇಗೆ? ಕೂದಲು ಹಿಡಿಯುತ್ತದೆ, ಸೆರಗು ಜಗ್ಗುತ್ತದೆ, ಕನ್ನಡಕ ಕಿತ್ತುಕೊಳ್ಳುತ್ತದೆ, ಕೆಲವೊಮ್ಮೆ ಕಚ್ಚುತ್ತದೆ, ಹೊಡೆಯುತ್ತದೆ. ಆಗ ನಾವು ಅದರತ್ತ ಬಾಗಿ, ಕಣ್ಣು ದೊಡ್ಡದು ಮಾಡಿ, ಗಟ್ಟಿ ಧ್ವನಿಯಲ್ಲಿ ಬೈಯುತ್ತೇವೆ. ಮಗುವಿಗೆ ಬೇಕಾಗಿದ್ದದ್ದು ಅದೇ ಮುಖ, ಅದೇ ಧ್ವನಿ. ಬೈದಷ್ಟೂ ಅದು ನಗುತ್ತದೆ, ನಕ್ಕಷ್ಟೂ ನಮಗೆ ಸಿಟ್ಟೇರುತ್ತದೆ, ಹೊಡೆದರೂ ನಗುತ್ತದೆ ನೋಡಿ ಎಂಬ ಮಾತು ಹುಟ್ಟುತ್ತದೆ. ದಾರಿ ತಿರುಗಿಸಬೇಕಾದವರು ನಾವು. ಕೂದಲು ಹಿಡಿದಾಗ ಮುಖಭಾವ ತೋರದೆ, ಮಾತಿಲ್ಲದೆ ನಿಧಾನವಾಗಿ ಬೆರಳು ಬಿಡಿಸಬೇಕು. ಅದೇ ಮಗು ಸುಮ್ಮನೆ ಕೈ ಮುಂದೆ ಚಾಚಿದಾಗ, ತೋಳು ಮುಟ್ಟಿದಾಗ, ಇರುವ ಕೆಲಸ ಬಿಟ್ಟು ತಕ್ಷಣ ಅದರತ್ತ ತಿರುಗಬೇಕು. ಎರಡನೆಯದೇ ಕಷ್ಟ. ಶೇಂಗಾ ಬಿಡಿಸುತ್ತಾ ಕೂತ ತಾಯಿಗೆ, ನಲವತ್ತು ಮಕ್ಕಳ ತರಗತಿಯ ಮೇಷ್ಟರಿಗೆ, ಗದ್ದಲ ಮಾಡದ ಕೈ ಕಣ್ಣಿಗೆ ಬೀಳುವುದೇ ಇಲ್ಲ.

ನೋವಿನ ವಿಷಯಕ್ಕೆ ಬರುತ್ತೇನೆ. ಹುಳಿತೇಗು, ಮಲಬದ್ಧತೆ, ಹಲ್ಲುನೋವು, ಕಿವಿಸೋರು ಇವು ಈ ಮಕ್ಕಳನ್ನು ಕಾಡುವ ಸಾಮಾನ್ಯ ತೊಂದರೆಗಳು. ಮಗು ನಗುತ್ತಲೇ ಇರುವುದರಿಂದ ವೈದ್ಯರೂ ಮೋಸಹೋಗಬಹುದು. ಹೆತ್ತವರು ಗಮನಿಸಬೇಕಾದದ್ದು ಬದಲಾವಣೆಯನ್ನು: ಎಂದಿನ ಊಟ ತಳ್ಳಿದ್ದು, ಕೈಯನ್ನು ಎಂದಿಗಿಂತ ಹೆಚ್ಚು ಕಚ್ಚಿಕೊಂಡದ್ದು, ಇದ್ದಕ್ಕಿದ್ದಂತೆ ಹೊಡೆಯಲು ಶುರುಮಾಡಿದ್ದು, ನಗುವಿನ ಸ್ವರವೇ ಬೇರೆಯಾದದ್ದು. ಅಷ್ಟೇ ಮುಖ್ಯವಾದ ಇನ್ನೊಂದಿದೆ. ಸದಾ ಚಟಪಟ ಓಡಾಡುವ ಮಗು ಒಂದೆರಡು ದಿನ ಮಂಕಾಗಿ, ಜೊಲ್ಲು ಸುರಿಸುತ್ತಾ, ಕರೆದರೆ ತಿರುಗದೆ ಕೂತರೆ, ಅಬ್ಬ, ಈಗ ಶಾಂತವಾಯಿತು ಎಂದು ನೆಮ್ಮದಿಪಡಬಾರದು. ಕೈಕಾಲು ಅದುರದೆಯೂ ಮಿದುಳಿನೊಳಗೆ ನಿಲ್ಲದೆ ನಡೆಯುವ ಫಿಟ್ಸ್ ಈ ಮಕ್ಕಳಲ್ಲಿ ಉಂಟು. ಅದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ.

ನಿದ್ದೆ ಕಡಿಮೆ. ರಾತ್ರಿ ಐದಾರು ಗಂಟೆ ಮಲಗಿ, ಎರಡು ಗಂಟೆಗೇ ಎದ್ದು ನಗುತ್ತಾ ಆಡುವ ಮಕ್ಕಳಿದ್ದಾರೆ. ಮಗುವಿಗೆ ಅದು ಸಾಕಾಗಬಹುದು. ಬೆಳಿಗ್ಗೆ ಕೂಲಿಗೆ ಹೋಗಬೇಕಾದ ತಾಯಿಗೆ ಸಾಲದು. ಒಂದೇ ಕೋಣೆಯ ಮನೆಯಲ್ಲಿ ಇಡೀ ಸಂಸಾರದ ನಿದ್ದೆ ಹೋಗುತ್ತದೆ. ಗಾಳಿ ಸೋಕಿದೆ ಎಂಬ ಮಾತು ಹುಟ್ಟುವುದೂ ಈ ಹೊತ್ತಿನಲ್ಲೇ. ತಾಯತ ಕಟ್ಟಿಸಿದವರನ್ನು ನಾನು ಹಂಗಿಸಲಾರೆ. ನಿದ್ದೆಗೆಟ್ಟ ಮನುಷ್ಯರು ಕೈಗೆ ಸಿಕ್ಕ ಆಸರೆ ಹಿಡಿಯುತ್ತಾರೆ. ಮಲಗುವ ಹೊತ್ತನ್ನು ಕಟ್ಟುನಿಟ್ಟಾಗಿ ಇಡುವುದು, ಬೆಳಕು ತಗ್ಗಿಸುವುದು, ವೈದ್ಯರ ಸಲಹೆಯಂತೆ ಮೆಲಟೋನಿನ್ ಕೊಡುವುದು ಕೆಲವರಿಗೆ ನೆರವಾಗಿದೆ ಎಂಬುದನ್ನೂ ಅವರಿಗೆ ಯಾರಾದರೂ ಹೇಳಬೇಕು. ಸರದಿಯ ಮೇಲೆ ಎಚ್ಚರವಾಗಿರುವ ಅಜ್ಜಿ, ಚಿಕ್ಕಪ್ಪ ಇದ್ದರೆ ಯಾವ ಔಷಧಕ್ಕೂ ಅದು ಕಡಿಮೆಯಲ್ಲ.

ನೀರಿನ ಮೋಹ ಈ ಮಕ್ಕಳ ಇನ್ನೊಂದು ಗುರುತು. ಹರಿವ ನೀರು, ಹೊಳೆಯುವ ಪ್ಲಾಸ್ಟಿಕ್, ಸರಸರ ಸದ್ದು ಮಾಡುವ ಕಾಗದ ಅವರನ್ನು ಸೆಳೆಯುತ್ತವೆ. ಸ್ನಾನದ ಹೊತ್ತು ಅವರ ಹಬ್ಬ. ಕಲಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಚೊಂಬು ತೋರಿಸಿ ಇನ್ನೂ ಬೇಕಾ ಎಂದು ಕೇಳಿ ಉತ್ತರಕ್ಕೆ ಕಾಯಬಹುದು. ಆದರೆ ಬಾಗಿಲ ಮುಂದೆ ಸಿಮೆಂಟಿನ ತೊಟ್ಟಿ, ಹೊಲದಲ್ಲಿ ಕೃಷಿಹೊಂಡ, ಊರಾಚೆ ಕುಂಟೆ ಇರುವ ನಮ್ಮ ಸೀಮೆಯಲ್ಲಿ ಈ ಮೋಹ ಜೀವಕ್ಕೆ ಎರವಾಗಬಹುದು. ತೊಟ್ಟಿಗೆ ಮುಚ್ಚಳ, ಹೊಂಡಕ್ಕೆ ಬೇಲಿ ಬೇಕೇ ಬೇಕು. ಜೊತೆಗೆ, ಈ ಮಕ್ಕಳಲ್ಲಿ ಹಲವರಿಗೆ ಬಿಸಿಲು ತಡೆಯುವುದಿಲ್ಲ. ಏಪ್ರಿಲ್-ಮೇ ತಿಂಗಳ ಅನಂತಪುರದ ಬಿಸಿಲಿನಲ್ಲಿ ಮಧ್ಯಾಹ್ನದ ರಂಪಾಟವನ್ನು ಹಠವೆಂದು ದಂಡಿಸುವ ಮೊದಲು ಮೈ ಮುಟ್ಟಿ ನೋಡುವುದು ಒಳ್ಳೆಯದು.

ಮಾತಿನ ಪ್ರಶ್ನೆಯನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ತಿಳಿದಿದ್ದೇನೆ. ಹೆಚ್ಚಿನ ಮಕ್ಕಳು ಒಂದೆರಡು ಪದಗಳಾಚೆ ಆಡುವುದಿಲ್ಲ, ಅನೇಕರು ಅದನ್ನೂ ಆಡುವುದಿಲ್ಲ. ಆದರೆ ಆಡುವುದಕ್ಕಿಂತ ಹೆಚ್ಚು ಅವರಿಗೆ ಅರ್ಥವಾಗುತ್ತದೆ. ಈ ಅಂತರವೇ ಅವರ ಸಿಟ್ಟಿನ ಬಹುಭಾಗಕ್ಕೆ ಮೂಲ. ಚಿತ್ರಗಳ ಹಲಗೆ, ಕೈಸನ್ನೆ, ಮೊಬೈಲಿನಲ್ಲಿ ಒತ್ತಿದರೆ ಮಾತಾಡುವ ಚಿತ್ರಗಳು ಅವರಿಗೆ ನಾಲಿಗೆಯಾಗಬಲ್ಲವು. ಇವನ್ನು ಕೊಟ್ಟರೆ ಮಾತು ಬರುವುದೇ ಇಲ್ಲ ಎಂಬ ಭಯಕ್ಕೆ ಆಧಾರವಿಲ್ಲ.

ಇಲ್ಲೇ ಗಡಿನಾಡಿನ ಕಷ್ಟ ಎದುರಾಗುತ್ತದೆ. 1882ರವರೆಗೆ ಅನಂತಪುರ ಪ್ರದೇಶ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಇಂದಿಗೂ ಮಡಕಶಿರಾ, ರಾಯದುರ್ಗದ ಅಂಚಿನ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ. ಮಗು ಅಜ್ಜಿಯಿಂದ ಕೇಳುವುದು ಕನ್ನಡ, ಅಂಗನವಾಡಿಯಲ್ಲಿ ತೆಲುಗು, ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷು. ಬಾ, ಕೂತ್ಕೋ ಎಂದರೆ ತಿರುಗುವ ಮಗುವಿಗೆ ರಾ, ಕೂರ್ಚೋ ಎಂದು ಹೇಳಿ, ಪ್ರತಿಕ್ರಿಯೆಯಿಲ್ಲ ಎಂದು ಬರೆದರೆ ಆ ಅಳತೆಗೆ ಬೆಲೆಯೇನು? ಮಗುವಿನ ತಿಳಿವಳಿಕೆಯನ್ನು ಮನೆಮಾತಿನಲ್ಲೇ ಪರೀಕ್ಷಿಸಬೇಕೆಂದು ಕೇಳುವ ಹಕ್ಕು ತಂದೆತಾಯಿಗೆ ಇರಬೇಕು. ಚಿತ್ರದ ಹಲಗೆಯ ಮೇಲಿನ ಅಕ್ಷರ ಮನೆಯವರು ಓದುವ ಲಿಪಿಯಲ್ಲಿರಬೇಕು. ಎರಡು ಭಾಷೆ ಕೇಳಿಸಿದ್ದರಿಂದಲೇ ಮಾತು ನಿಂತಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಜ್ಜಿಯ ಕನ್ನಡವನ್ನು ನಿಲ್ಲಿಸುವುದು ಮಗುವಿಗೆ ಇರುವ ಕೆಲವೇ ಒಡನಾಟಗಳಲ್ಲಿ ಒಂದನ್ನು ಕಡಿದಂತೆ.

ದಾರಿಗಳು ಇಲ್ಲದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಬೆಳವಣಿಗೆಯ ವಿಳಂಬವನ್ನು ಗುರುತಿಸಿ ಮುಂದಕ್ಕೆ ಕಳಿಸಬೇಕು. ಆಂಧ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಭವಿತ ಕೇಂದ್ರಗಳಿವೆ. 1969ರಲ್ಲಿ ಅನಂತಪುರಕ್ಕೆ ಬಂದ ವಿನ್ಸೆಂಟ್ ಫೆರರ್ ಅವರು ಕಟ್ಟಿದ ಸೇವಾಸಂಸ್ಥೆ ಆರ್‌ಡಿಟಿ, ಕಲ್ಯಾಣದುರ್ಗದಲ್ಲೂ ಆಸ್ಪತ್ರೆ ನಡೆಸುತ್ತಾ, ವಿಕಲಚೇತನರ ನಡುವೆ ದೀರ್ಘಕಾಲದಿಂದ ಕೆಲಸ ಮಾಡಿದೆ. ಪಕ್ಕದ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಮಾನವ ತಳಿವಿಜ್ಞಾನ ಕೇಂದ್ರ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಮೊದಲು ಕೇಳಬೇಕಾದ ಪರೀಕ್ಷೆ 15ನೇ ವರ್ಣತಂತುವಿನ ಮೆಥಿಲೇಷನ್ ಪರೀಕ್ಷೆ. ಹತ್ತರಲ್ಲಿ ಸುಮಾರು ಎಂಟು ಮಕ್ಕಳಲ್ಲಿ ಅದೊಂದೇ ಉತ್ತರ ಕೊಡುತ್ತದೆ. ತಂದೆಯಿಂದ ಬಂದು ಸುಮ್ಮನಿರುವ ಪ್ರತಿಯನ್ನು ಎಚ್ಚರಗೊಳಿಸುವ ಔಷಧಗಳ ಪ್ರಯೋಗ ಹೊರದೇಶಗಳಲ್ಲಿ ಮಕ್ಕಳ ಮೇಲೆ ನಡೆಯುತ್ತಿದೆ. ಆಸೆಯಿಟ್ಟುಕೊಳ್ಳೋಣ, ಆದರೆ ಗುಣಪಡಿಸುತ್ತೇವೆಂದು ಇಂದು ಹಣ ಕೇಳುವವರನ್ನು ದೂರವಿಡೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಏಂಜಲ್‌ಮನ್ ಎಂಬ ಹೆಸರಿಲ್ಲ. ಬೌದ್ಧಿಕ ವೈಕಲ್ಯ ಅಥವಾ ಬಹುವೈಕಲ್ಯದ ಅಡಿಯಲ್ಲಿ ಪ್ರಮಾಣಪತ್ರ ಪಡೆಯಬೇಕು.

ಕೊನೆಯದಾಗಿ, ಈ ಮಕ್ಕಳು ಬೆಳೆಯುತ್ತಾರೆ. ಆಯುಸ್ಸು ಹೆಚ್ಚುಕಡಿಮೆ ಎಲ್ಲರಂತೆಯೇ ಇರುತ್ತದೆ. ವಯಸ್ಸಿನೊಂದಿಗೆ ಚಡಪಡಿಕೆ ತಗ್ಗುತ್ತದೆ, ನಿದ್ದೆ ಸುಧಾರಿಸುತ್ತದೆ, ನಗುವೂ ಕಡಿಮೆಯಾಗುತ್ತದೆ. ಅದರ ಜಾಗದಲ್ಲಿ ಹಲವರಲ್ಲಿ ಆತಂಕ ಕಾಣಿಸಿಕೊಳ್ಳುತ್ತದೆ, ಮುಖ್ಯವಾಗಿ ತನ್ನನ್ನು ನೋಡಿಕೊಳ್ಳುವ ಒಬ್ಬರಿಂದ ದೂರವಾದಾಗ. ಸುಗ್ಗಿ ಮುಗಿದ ಮೇಲೆ ತಂದೆತಾಯಿ ಕೆಲಸ ಹುಡುಕಿ ಬೆಂಗಳೂರಿಗೆ ಹೊರಡುವ ಈ ಸೀಮೆಯಲ್ಲಿ ಅದು ಪ್ರತಿ ವರ್ಷ ಮರುಕಳಿಸುವ ಅಗಲಿಕೆ. ಹೊರಡುವುದಕ್ಕೆ ವಾರಗಟ್ಟಲೆ ಮೊದಲೇ ಉಳಿಯುವವರ ಕೈಯಲ್ಲಿ ಊಟ, ಸ್ನಾನ, ನಿದ್ದೆ ರೂಢಿಯಾಗಬೇಕು. ಚಿತ್ರದ ಹಲಗೆ, ಫಿಟ್ಸಿನ ಮಾತ್ರೆ, ಮಗುವಿನ ಸನ್ನೆಗಳ ಅರ್ಥ ಬರೆದ ಒಂದು ಹಾಳೆ ಅವರ ಬಳಿ ಇರಬೇಕು. ಮಗುವಿಗೆ 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಪಾಲಕರು ಯಾರು ಎಂಬುದು ಇನ್ನೊಂದು ಪ್ರಶ್ನೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯೂ ಸದಸ್ಯರಾಗಿರುವ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸಬಲ್ಲದು. ಹೆತ್ತವರು ಗಟ್ಟಿಯಾಗಿರುವಾಗಲೇ ಆ ಅರ್ಜಿ ಹಾಕಬೇಕು. ಅರ್ಜಿ ಹಾಕುವುದು ಆಯಾ ಜಿಲ್ಲಾಕೇಂದ್ರದಲ್ಲಿ. ಜಿಲ್ಲೆ ಒಡೆದ ಮೇಲೂ ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಹಿಂದೂಪುರದವರು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯವರು, ಅವರು ಹೋಗಬೇಕಾದದ್ದು ಪುಟ್ಟಪರ್ತಿಗೆ.